ಕೇಕ್ ಟ್ರೇಯಲ್ಲಿ ರೋಮನ್ನರ ರಸ್ತೆ

ಪರ್ತ್‌ಗೆ ಬಂದ ಮೊದಲ ತಿಂಗಳಲ್ಲೇ ಮಗಳು ನನ್ನನ್ನು ಕ್ಲರ್ಕ್ ಮಾಡಿದಳು. ಕ್ಯಾನಿಂಗ್ ವೇಲ್‌ನ ಪಾರ್ಕಿನಲ್ಲಿ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದರು. ಯಾರೋ ನನ್ನ ಬಗ್ಗೆ ಕೇಳಿದರು. ಅಮ್ಮ ಪಿಡಬ್ಲ್ಯುಡಿ ಆಫೀಸಿನಲ್ಲಿದ್ದರು ಎಂದುಬಿಟ್ಟಳು. ಅವಳು ಡಾಕ್ಟರು. ತಾಯಿ ರಸ್ತೆ ಬದಿ ಕೂತು ಜಲ್ಲಿ ಒಡೆದವಳು ಎನ್ನಲು ಬಾಯಿ ಬರಲಿಲ್ಲ. ನಾನೂ ಹೂಂ ಅಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಮುಂದಿನ ಊಟಕ್ಕೆ ಹೋದಾಗ, ಆಫೀಸಿನಲ್ಲಿದ್ದವರಲ್ಲವೇ, ಬಂದವರ ಹೆಸರು ಬರೆದುಕೊಳ್ಳಿ ಆಂಟಿ ಎಂದು ಪುಸ್ತಕ ಕೊಟ್ಟರು. ನನಗೆ ಅಕ್ಷರ ಬಂದದ್ದೇ ಐವತ್ತು ದಾಟಿದ ಮೇಲೆ. ಕನ್ನಡಕ ಮರೆತೆ ಅಂದೆ. ಮಗಳಿಗೆ ಬ್ರಿಸ್ಬೇನ್‌ನಲ್ಲಿ ಕೆಲಸವಾಯಿತು. ಅಲ್ಲಿ ಇಂಡೂರೂಪಿಲ್ಲಿಯ ಊಟದಲ್ಲೂ ಕನ್ನಡಕ ಮರೆತೆ. ಪಿಡಬ್ಲ್ಯುಡಿಯಿಂದ ರಿಟೈರಾದ ಇಂಜಿನಿಯರೊಬ್ಬರು, ನೀವು ಯಾವ ಸಬ್‌ಡಿವಿಷನ್ನಿನಲ್ಲಿ ಇದ್ದಿರಿ ಎಂದು ಕೇಳಿದರು. ಆಮೇಲೆ ನಾನು ಊಟಕ್ಕೆ ಹೋಗುವುದನ್ನೇ ಬಿಟ್ಟೆ. ಕಲ್ಲು ಒಡೆದು ನನಗೆ ಇಷ್ಟು ಸುಸ್ತಾಗಿರಲಿಲ್ಲ.

ಈಗ ಅಡಿಲೇಡ್‌ನ ಮಾಡ್ಬರಿ. ಬ್ರಿಟನ್ನಿನಲ್ಲಿ ರೋಮನ್ನರು ಹಾಕಿದ ರಸ್ತೆಯನ್ನು ಟ್ರೇಯಲ್ಲಿ ಮಾಡಿ ತರಬೇಕೆಂದು ಮೊಮ್ಮಗಳಿಗೆ ಸ್ಕೂಲಿನಲ್ಲಿ ಹೇಳಿದ್ದರು. ಟೀಚರ್ ಅದರ ಮೇಲೆ ನೀರು ಹುಯ್ದು ನೋಡುತ್ತಾರಂತೆ. ಹುಡುಗಿ ಕೇಕ್ ಟ್ರೇಗೆ ಮಣ್ಣು ತುಂಬಿ ಮೇಲೆ ಕಲ್ಲು ಸುರಿದಳು. ನೀರು ಹುಯ್ದರೆ ನಡುವೆ ಕೆರೆ. ಮೂರು ಸಲ ಮಾಡಿ ಅಳುವ ಹಾಗಾದಳು.

ಅಂಥ ರಸ್ತೆ ನಾನು ನೋಡಿದ್ದೆ. ಆಸ್ಟ್ರೇಲಿಯಾಕ್ಕೆ ಬರುವ ಮೊದಲು ಮಗಳು ಇಂಗ್ಲೆಂಡಿನಲ್ಲಿದ್ದಳು. ಆಗ ಈ ಮೊಮ್ಮಗಳು ಕೂಸು. ತಳ್ಳುಗಾಡಿಯಲ್ಲಿ ಹಾಕಿಕೊಂಡು ದಿನಾ ಒಂದೇ ರಸ್ತೆಯಲ್ಲಿ ಹೋಗುತ್ತಿದ್ದೆ. ದಾರ ಕಟ್ಟಿ ಎಳೆದಷ್ಟು ನೇರ. ಅದು ರೋಮನ್ನರದು, ಎರಡು ಸಾವಿರ ವರ್ಷ ಆಗಿರಬೇಕು, ಅದರ ಮೇಲೇ ಟಾರು ಹಾಕಿದ್ದಾರೆ ಎಂದು ಅಳಿಯ ಹೇಳಿದಾಗ ನಂಬಿರಲಿಲ್ಲ. ಒಂದು ದಿನ ಪೈಪಿಗೆಂದು ಅಗೆದಿದ್ದರು. ಗಾಡಿ ನಿಲ್ಲಿಸಿ ಇಣುಕಿದೆ. ಟಾರಿನ ಕೆಳಗೆ ಸಣ್ಣ ಜಲ್ಲಿ, ಅದರ ಕೆಳಗೆ ಒತ್ತಾಗಿ ನಿಲ್ಲಿಸಿದ ದಪ್ಪ ಕಲ್ಲು. ಅದನ್ನು ನಾವು ಸೋಲಿಂಗ್ ಅನ್ನುತ್ತಿದ್ದೆವು. ಹಾಕಿದವರ ಸೊಂಟ ಏನಾಗಿತ್ತೋ ಅಂದುಕೊಂಡು ಮನೆಗೆ ಬಂದೆ.

ಟ್ರೇ ಖಾಲಿ ಮಾಡಿಸಿದೆ. ದಪ್ಪ ಕಲ್ಲಿನ ಅಗಲದ ಕಡೆ ಕೆಳಗೆ, ಚೂಪು ಮೇಲೆ. ಸಂದಿಗೆ ಕಲ್ಲಿನ ಚಕ್ಕೆ. ಸಣ್ಣ ಜಲ್ಲಿ ಇರಲಿಲ್ಲ. ಅಳಿಯನ ಸುತ್ತಿಗೆ ತಂದು ಹಿತ್ತಲಲ್ಲಿ ಕೂತೆ. ಚೂರು ಹಾರದಂತೆ ಹಳೇ ಸೈಕಲ್ ಟ್ಯೂಬನ್ನು ಕಲ್ಲಿಗೆ ಉಂಗುರದ ಹಾಗೆ ಸುತ್ತಿ ಒಡೆದೆ. ಕೈ ಮರೆತಿರಲಿಲ್ಲ, ಮೊಣಕಾಲು ಮಾತ್ರ ಬೈಯುತ್ತಿತ್ತು. ಜಲ್ಲಿ ಹರಡಿ, ರಸ್ತೆಯ ನಡು ಉಬ್ಬಿಸಿ ಎರಡೂ ಬದಿಗೆ ಚರಂಡಿ ತೆಗೆಸಿದೆ.

"ಹೌ ಡು ಯು ನೋ ದಿಸ್, ಅಜ್ಜಿ?"

ಡ್ಯೂಟಿ ಮುಗಿಸಿ ಬಂದ ಮಗಳು ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಫೀಸಿನಲ್ಲಿ ನೋಡಿದ್ದೆ ಎಂದರೆ ಸಾಕಿತ್ತು. ನನಗೆ ಸಾಕಾಗಿತ್ತು.

"ರೋಡಿಗೆ ಕಲ್ಲು ಒಡೀತಿದ್ದೆ ಕಣೆ. ನಿಮ್ಮಮ್ಮನ್ನ ಓದ್ಸಿದ್ದು ಅದ್ರಲ್ಲೇ. ನಾನು ಯಾವ ಕ್ಲರ್ಕೂ ಅಲ್ಲ."

ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಟ್ರೇಗೆ ಅಂಟಿಸಿದಳು. ಮಗಳು ಓದಿದಳು, ಕೀಳಲಿಲ್ಲ. ಎರಡು ದಿನ ನನ್ನ ಹತ್ತಿರ ಮಾತೂ ಆಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಟ್ರೇಗಳನ್ನು ನೋಡಲು ಮನೆಯವರನ್ನೂ ಸ್ಕೂಲಿಗೆ ಕರೆದಿದ್ದರು, ನಾವೂ ಹೋದೆವು. ಟೀಚರ್ ಹುಯ್ದ ನೀರು ಎರಡೂ ಚರಂಡಿಗೆ ಇಳಿಯಿತು. ಅದೇ ಕ್ಲಾಸಿನ ಹುಡುಗನ ತಾಯಿ ಮೈಸೂರಿನವರು, ನಮ್ಮ ಮನೆಗೆ ಬರುವವರು. ಕಾರ್ಡನ್ನು ಎರಡು ಸಲ ಓದಿ ಮಗಳ ಕಡೆ ತಿರುಗಿದರು.

"ಆಂಟಿ ಆಫೀಸಲ್ಲಿದ್ರು ಅಂದಿದ್ರಿ ಅಲ್ವಾ?"

ಮಗಳು ಟ್ರೇ ನೋಡುತ್ತಾ ನಿಂತಳು. "ಇಲ್ಲ, ಕಲ್ಲು ಒಡೀತಿದ್ರು. ನಾನೇ ಸುಳ್ಳು ಹೇಳಿದ್ದೆ."

ಆಕೆ ಹೌದಾ ಎಂದು ತಮ್ಮ ಮಗನ ಟ್ರೇ ಕಡೆ ಹೋದರು. ಅಷ್ಟೇ. ಅಷ್ಟಕ್ಕೆ ಎರಡು ಊರಲ್ಲಿ ಕನ್ನಡಕ ಮರೆತಿದ್ದೆ.

ಹೊರಡುವಾಗ ಬಾಗಿಲ ಹತ್ತಿರದ ಪುಸ್ತಕದಲ್ಲಿ ಬಂದವರೆಲ್ಲ ಹೆಸರು ಬರೆಯಬೇಕಿತ್ತು. ಚೀಲದಿಂದ ಕನ್ನಡಕ ತೆಗೆದೆ. ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಬರೆದೆ. ಹಿಂದೆ ಜನ ನಿಂತರು. ಮಗಳು ಕಾರಿನ ಕೀ ಹಿಡಿದುಕೊಂಡು ಕಾದಳು.