ಅಯ್ಯನವರ ಜೊತೆ ಬಂದವಳು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬಸವಾಪಟ್ಟಣದ ನಮ್ಮ ಮನೆಗೆ ನಾನೇ ಪರಕೀಯಳಾದೆ. ಹಾಲು ತರುವಷ್ಟರಲ್ಲಿ, ಮರೆವಿನ ಕಾಯಿಲೆಯಿರುವ ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು.

"ಅತ್ತೆ, ಬಾಗ್ಲು ತೆಗೀರಿ. ನಾನ್ರೀ, ನಿಮ್ ಸೊಸೆ."

"ನನ್ ಸೊಸೆ ಹಾಲಿಗೆ ಹೋಗ್ಯಾಳೆ. ನೀನ್ಯಾರವ್ವ?"

ಕೂಗಿ ಕೂಗಿ ಗಂಟಲು ಬಿತ್ತು. ಅಷ್ಟರಲ್ಲಿ ಮಠದ ಅಯ್ಯನವರು ಭಿಕ್ಷೆಗೆ ಬಂದು ಗಂಟೆ ಬಾರಿಸಿದರು. ಚಿಲಕ ತಕ್ಷಣ ಸರಿಯಿತು! ಎಲ್ಲ ಮರೆತರೂ ಅತ್ತೆ ಜೋಳಿಗೆಯನ್ನು ಬರಿದಾಗಿ ಕಳಿಸುವವರಲ್ಲ.

"ಬರ್ರಿ ಅಯ್ಯನೋರೆ. ಇವ್ರು ಯಾರು?"

"ನಮ್ ಕೂಡ ಬಂದಾರೆ, ತಾಯಿ."

"ಹಂಗಾದ್ರೆ ಒಳಗೆ ಬರ್ಲಿ."

ಮೊನ್ನೆ ಡಾಕ್ಟರು ಹೇಳಿದ್ದು ನನಗೆ ಆಗ ಅರ್ಥವಾಯಿತು. ಈ ಕಾಯಿಲೆಯ ಪ್ರತಿಕಾಯ ಔಷಧವನ್ನು ರಕ್ತಕ್ಕೆ ಕೊಟ್ಟರೂ ಮಿದುಳಿನ ರಕ್ತನಾಳಗಳ ಕಾವಲುಗೋಡೆ ದಾಟುವುದು ತೀರಾ ಸ್ವಲ್ಪವಂತೆ. ಆದರೆ ಕಬ್ಬಿಣಾಂಶ ಹೊತ್ತು ತರುವ ಪ್ರೋಟೀನಿಗೆ ಅಲ್ಲಿ ಬಾಗಿಲು ತೆರೆಯುತ್ತದೆ. ಆ ಬಾಗಿಲಿಗೆ ಒಪ್ಪುವ ತುಣುಕೊಂದನ್ನು ಜೋಡಿಸಿ, ಅದೇ ದಾರಿಯಲ್ಲಿ ಔಷಧವನ್ನೂ ಒಳಗೆ ಕಳಿಸುವ ಪ್ರಯೋಗ ನಡೆದಿದೆ, ಭರವಸೆಯೂ ಇದೆಯಂತೆ.

ಅತ್ತೆ ನನ್ನನ್ನು ಕೂರಿಸಿ, "ಟೀ ಮಾಡಾಕೆ ಹಾಲಿಲ್ಲ, ಸೊಸೆ ಇನ್ನೂ ಬಂದಿಲ್ಲ" ಎಂದು ನೊಂದುಕೊಂಡರು. ಹಾಲು ನನ್ನ ಕೈಯಲ್ಲೇ ಇತ್ತು.

ಔಷಧ ಒಂದು ಒಳಗೆ ಹೋಗಲಿ, ಆ ಸೊಸೆಯೂ ಮನೆಗೆ ಬಂದಾಳು.