ಹತ್ತು ಅಚ್ಚು ಬೆಲ್ಲ ತಿಂದ ತೊಟ್ಟಿ

ವನಗೂರಿನ ಕಡೆ ರಾಜಶೇಖರ್ ಅವರ ಕಾಫಿ ತೋಟದಲ್ಲಿ ಹಣ್ಣು ಸುಲಿಯುವ ಪಲ್ಪರ್ ಮನೆ ನೋಡಿಕೊಳ್ಳುವ ಸಿದ್ದಬಸಪ್ಪನ ಬಲಗೈಗೆ ಮೂವತ್ತು ವರ್ಷದಿಂದ ಸರ್ಕಾರಕ್ಕೂ ಇಲ್ಲದ ಅಧಿಕಾರವಿತ್ತು. ಸಿಪ್ಪೆ ಸುಲಿದ ಕಾಫಿ ಬೀಜ ತೊಟ್ಟಿಯಲ್ಲಿ ರಾತ್ರಿಯೆಲ್ಲ ಕೂತು, ಮೈಮೇಲಿನ ಸಿಹಿ ಲೋಳೆ ಹುಳಿತು ಬಿಟ್ಟುಕೊಳ್ಳಬೇಕು. ಆಮೇಲೆ ತೊಳೆಯಬೇಕು. ಯಾವಾಗ ಎಂದು ಹೇಳುವುದು ಆ ಕೈ. ಒಂದು ಹಿಡಿ ಬೀಜ ಎತ್ತಿ ಉಜ್ಜುತ್ತಾನೆ; ಜಾರಿದರೆ ಇನ್ನೂ ಇಲ್ಲ, ಮರಳಿನಂತೆ ಗರಗರ ಎಂದರೆ ಆಯಿತು. ಆ ಗರಗರ ದೂರದ ಹೆಗ್ಗದ್ದೆಯವರೆಗೂ ಕೇಳಿಸುತ್ತದೆಂದು ಅವನೇ ಹೇಳಿದ್ದ. ನಾನು ಹೆಗ್ಗದ್ದೆಯಲ್ಲಿದ್ದಾಗ ಒಮ್ಮೆ ಕೇಳಿದಂತೆಯೂ ನೆನಪು.

ಈ ಸಾಮ್ರಾಜ್ಯಕ್ಕೆ ಕಳೆದ ಜನವರಿಯಲ್ಲಿ ಕೃತಿಕಾ ಕಾಲಿಟ್ಟಳು. ಹಾಸನದಲ್ಲಿ ವಿಜ್ಞಾನ ಓದಿದವಳು, ಕಾಫಿಯ ಗುಣಮಟ್ಟ ನೋಡುವ ಹೊಸ ಕೆಲಸ. ಕೈಯಲ್ಲಿ ಪೆನ್ನಿನುದ್ದದ, ಹುಳಿ ಅಳೆಯುವ ಮೀಟರು; ಹುಳಿ ಇಷ್ಟಕ್ಕೆ ಏರಿದರೆ ಲೋಳೆ ಬಿಟ್ಟಿತೆಂದು ಅದರ ಲೆಕ್ಕ.

"ಲೋಳೆ ಬಿಡಿಸೋದು ಬ್ಯಾಕ್ಟೀರಿಯಾ ಅಣ್ಣ," ಎಂದಳು. "ಸಕ್ಕರೆ ಒಳಗೆ ಎಳ್ಕೊಂಡು ಒಡೆದು, ಅದರಿಂದ ಶಕ್ತಿ ತಗೊಳ್ತವೆ. ಬೆಳೀತವೆ, ಒಂದು ಎರಡಾಗ್ತವೆ, ಎರಡು ನಾಲ್ಕಾಗ್ತವೆ. ಮಿಕ್ಕಿದ ಹುಳೀನ ಹೊರಗೆ ಬಿಡ್ತವೆ."

"ಮೂವತ್ತು ವರ್ಷದಿಂದ ನನ್ ತೊಟ್ಟೀಲಿ ಉಂಡು, ಸಂಸಾರ ಬೆಳೆಸ್ಕಂಡವೆ. ಒಂದಿನಾನಾದ್ರೂ ಒಂದು ನಮಸ್ಕಾರ ಅಂದಿಲ್ವಲ್ಲ ತಾಯಿ!"

ಹೊತ್ತು ಹೇಳಬೇಕಾದ್ದು ಕೈಯೋ ಮೀಟರೋ ಎಂದು ದಿನಾ ಇದೇ ಜಗಳ ಕೇಳಿ ರೋಸಿದ ರಾಜಶೇಖರ್ ಒಂದು ತೀರ್ಮಾನ ಕೊಟ್ಟರು: ಇವತ್ತಿನ ತೊಟ್ಟಿ ನಾಳೆ ಎಷ್ಟು ಹೊತ್ತಿಗೆ ತಯಾರಾಗುತ್ತದೆಂದು ಇಬ್ಬರೂ ಹೇಳಿ. ಯಾರದು ಸರಿಯೋ, ಇನ್ನು ಮುಂದೆ ತೊಟ್ಟಿ ಅವರದು. ಚಳಿ ಜಾಸ್ತಿ, ಮಧ್ಯಾಹ್ನ ಮೂರಾಗುತ್ತದೆ ಎಂದಳು ಕೃತಿಕಾ. ಸಿದ್ದಬಸಪ್ಪನಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಆದರೆ ಅವಳು ಹೇಳಿಬಿಟ್ಟಿದ್ದಳಲ್ಲ! "ಬೆಳಿಗ್ಗೆ ಎಂಟು," ಎಂದುಬಿಟ್ಟ.

ಒಲೆಯೊಳಗಿನ ಬೆಂಕಿಯೇ ಕಂಬಳಿ ಕೇಳುವಂಥ ಚಳಿ. ಎಂಟಕ್ಕೆ ಹೇಗೆ ಆದೀತು? ಆಗ ನಮ್ಮ ಮಹಾ ವಿಜ್ಞಾನಿಗೆ ಅವಳ ಪಾಠವೇ ನೆನಪಾಯಿತು. ಸಕ್ಕರೆ ತಿಂದು ಶಕ್ತಿ ಬರುವುದಾದರೆ, ತೊಟ್ಟಿಯೊಳಗಿನ ಈ ಕೂಲಿಯವರಿಗೆ ಹೊಟ್ಟೆ ತುಂಬ ಊಟ ಹಾಕಿದರೆ ಸರಿ! ಸಂಜೆ ಎಲ್ಲರೂ ಹೋದ ಮೇಲೆ ಹತ್ತು ಅಚ್ಚು ಬೆಲ್ಲವನ್ನು ಬಿಸಿನೀರಲ್ಲಿ ಕರಗಿಸಿ ತೊಟ್ಟಿಗೆ ಸುರಿದ.

ಬೆಳಿಗ್ಗೆ ಎಂಟಕ್ಕೆ ಕೃತಿಕಾ ಮೀಟರು ಇಳಿಸಿದಳು. ಅವಳ ಮುಖವೇ ಹುಳಿಯಾಯಿತು. "ಆಗಿದೆ ಸರ್. ಅಣ್ಣನೇ ಗೆದ್ದರು."

ಸಿದ್ದಬಸಪ್ಪ ಠೀವಿಯಿಂದ ಕೈ ಇಳಿಸಿ ಉಜ್ಜಿದ. ಬೀಜ ಹರಳೆಣ್ಣೆ ಹಚ್ಚಿದ ಕೂಸಿನಂತೆ ಜಾರಿತು. ಇನ್ನೊಂದು ಹಿಡಿ. ಅದೂ ಜಾರಿತು.

"ನೀರು ಬಿಡಿ, ತೊಳೀರಿ," ಎಂದರು ರಾಜಶೇಖರ್.

ಲೋಳೆ ಬಿಡದ ಬೀಜ ಒಣಗಿಸುವ ಕಣಕ್ಕೆ ಹೋದರೆ ಇಡೀ ತೊಟ್ಟಿಯ ಕಾಫಿ ಬೂಷ್ಟು ಹಿಡಿಯುತ್ತದೆ. ಬಾಯಿ ಮುಚ್ಚಿಕೊಂಡರೆ ಸಾಯುವವರೆಗೂ ತೊಟ್ಟಿ ಅವನದು, ಬೈಗುಳ ಮೀಟರಿಗೆ. ಬಾಯಿ ಬಿಟ್ಟರೆ ಕಾಫಿ ಉಳಿಯುತ್ತದೆ, ಮಾನ ಹೋಗುತ್ತದೆ. ಅವನು ನಿಂತದ್ದು ಅರ್ಧ ನಿಮಿಷ. ಅಷ್ಟರಲ್ಲಿ ಅವನ ಮೀಸೆ ಎರಡಿಂಚು ಬೆಳೆಯಿತೆಂದು ನೋಡಿದವರು ಹೇಳುತ್ತಾರೆ.

"ತಡೀರಿ ಸಾವ್ಕಾರ್ರೇ. ಇನ್ನೂ ಜಾರ್ತಾ ಐತೆ."

"ಮೀಟರು ಆಗಿದೆ ಅಂತಲ್ಲೋ ಮಾರಾಯ?"

"ಅದುಕ್ಕೇನ್ ಗೊತ್ತು? ಬೆಲ್ಲ ಹಾಕಿದೋನು ನಾನು."

ಕೃತಿಕಾಗೆ ನಗು ತಡೆಯಲಾಗಲಿಲ್ಲ. "ಬೆಲ್ಲದಂಥ ಸುಲಭದ ಸಕ್ಕರೆ ಸಿಕ್ಕರೆ ಅವು ಮೊದಲು ಅದನ್ನೇ ತಿಂತವೆ ಅಣ್ಣ. ಬೆಲ್ಲ ತಿಂದೇ ಇಷ್ಟು ಹುಳಿ ಬಿಟ್ಟಿವೆ. ಲೋಳೆ ಮುಟ್ಟೇ ಇಲ್ಲ."

"ಹಂಗಾರೆ ನಮ್ಮನೆ ಮೊಮ್ಮಕ್ಳೇ ಬಿಡವ್ವ. ಪಾಯ್ಸ ಕಂಡ್ರೆ ಮುದ್ದೆ ಕಡೆ ತಿರುಗೂ ನೋಡಲ್ಲ."

ಬೀಜ ಗರಗರ ಎಂದಿದ್ದು ಸಂಜೆ ನಾಲ್ಕಕ್ಕೆ. ಕಾಫಿ ಸ್ವಲ್ಪ ಹುಳಿ ಹೊಡೆಯಿತು, ಆದರೆ ಉಳಿಯಿತು. ಇನ್ನು ಮೇಲೆ ಕೈಯೂ ಮೀಟರೂ ಎರಡೂ ಒಪ್ಪಿದರೆ ಮಾತ್ರ ನೀರು ಎಂದರು ರಾಜಶೇಖರ್.

ಸಿದ್ದಬಸಪ್ಪ ಮಾತ್ರ ಬಂದವರಿಗೆಲ್ಲ ಹೇಳುತ್ತಾನೆ: "ಮೀಟ್ರು ಪರೀಕ್ಷೆ ಮಾಡಾನ ಅಂತ್ಲೇ ಬೆಲ್ಲ ಹಾಕಿದ್ದು ಕಣ್ರೀ. ಪಾಪ, ಫೇಲಾಗ್ಬುಡ್ತು." ಕೃತಿಕಾ ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸುತ್ತಾಳೆ. ಬೀಜ ಉಜ್ಜಿ ನೋಡುವುದನ್ನು ಅವಳೀಗ ಅವನಿಂದ ಕಲಿಯುತ್ತಿದ್ದಾಳೆ. ಇಲ್ಲ ಎಂದರೆ ಪಾಠ ನಿಂತುಹೋಗುತ್ತದೆ.