ರಾಗ್ನಿ ಚುಚ್ಚಿದ ಮೀನುಗಳು

ಗಂಟೆಗೆ ಸಾವಿರದೈನೂರು ಮರಿಗಳು. ನಮ್ಮ ಫ್ಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ, ಕಾಡ್ ಮೀನು ಸಾಕಣೆಯಲ್ಲಿ ಅಷ್ಟು ಚುರುಕಾಗಿ ಲಸಿಕೆ ಚುಚ್ಚುತ್ತಿದ್ದವಳು ರಾಗ್ನಿ ಒಬ್ಬಳೇ. ನಾನು ಹೆರ್ದಿಸ್, ಮದ್ದಿನ ನೀರಲ್ಲಿ ಮಂಪರು ಬರಿಸಿದ ಮರಿಗಳನ್ನು ಅವಳ ಮೇಜಿಗೆ ಸುರಿಯುವವಳು. ಆರು ವರ್ಷ ಎದುರುಬದುರು ಕೆಲಸ ಮಾಡಿದೆವು. ಅವಳ ಬಾಯಿ ಕೆಟ್ಟದು, ಕೈ ಮಾತ್ರ ಚಿನ್ನ.

ಮಂಪರು ಸಾಲದೆ ಮೀನು ಒದ್ದಾಡಿದರೆ ಸೂಜಿ ನಮ್ಮ ಬೆರಳಿಗೇ ಹೊಕ್ಕುಬಿಡುತ್ತದೆ. ಎರಡನೇ ಸಲ ಹಾಗಾದಾಗ ಅಲ್ಲಿ ನಾವಿಬ್ಬರೇ ಇದ್ದೆವು; ರಾಗ್ನಿಯ ಮುಖ ಊದಿ, ಉಸಿರು ಸಿಕ್ಕಿಕೊಂಡಿತು. ಲಸಿಕೆಗೆ ಮೈ ತಿರುಗಿಬಿದ್ದಿದೆ, ಇನ್ನೊಮ್ಮೆ ಆದರೆ ಜೀವಕ್ಕೇ ಅಪಾಯ, ಈ ಕೆಲಸ ಬಿಡಬೇಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಅವಳು ಅದನ್ನು ಒಲೆಗೆ ಹಾಕಿದಳು.

"ಯಾರಿಗಾದ್ರೂ ಹೇಳಿದ್ಯೋ, ನಾಲಿಗೆ ಕಿತ್ತುಬಿಡ್ತೀನಿ," ಅಂದಳು. "ನಾನು ಎದ್ರೆ ಇವಕ್ಕೆ ಯಾರು ಚುಚ್ತಾರೆ? ನಿಮ್ಮಜ್ಜೀನಾ?"

ಚುಚ್ಚಿದ ಮರಿಗಳೂ ಸಾಯುತ್ತಿದ್ದವು. ಕೊಯ್ದರೆ ಒಳಗೆಲ್ಲ ಬಿಳಿ ಗಂಟುಗಳು. ವಸಂತದಲ್ಲಿ ತ್ರೊಮ್ಸೊ ಪಟ್ಟಣದಿಂದ ಬಂದ ಸಂಶೋಧಕಿ ನಮ್ಮನ್ನು ಊಟದ ಕೋಣೆಯಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದಳು. ರೋಗಾಣುವನ್ನು ಹಿಡಿಯುವ ಪ್ರತಿಕಾಯ ಕಟ್ಟುವ ಜೀನುಗಳು ಕಾಡ್ ಮೀನಿನಲ್ಲಿವೆಯಂತೆ. ಆದರೆ ಯಾವ ರೋಗಕ್ಕೆ ಯಾವುದನ್ನು ಕಟ್ಟಬೇಕೆಂದು ಅಪ್ಪಣೆ ಕೊಡುವ ಜೀನುಗಳು ಕೋಟ್ಯಂತರ ವರ್ಷಗಳ ಹಿಂದೆ, ಅದರ ಪೂರ್ವಿಕರಲ್ಲೇ ಕಳೆದುಹೋಗಿವೆ. ತಣ್ಣನೆಯ ಕಡಲಲ್ಲಿ ಅವು ಬೇರೆ ಹೇಗೋ ಬದುಕಿಕೊಂಡು ಬಂದಿವೆ.

ರಾಗ್ನಿ ಕಾಫಿ ಲೋಟ ಕೆಳಗಿಟ್ಟಳು. "ಅಂದ್ರೆ, ನಾನು ಚುಚ್ಚಿದ್ದು?"

"ಈ ರೋಗಕ್ಕೆ ಹೆಚ್ಚೇನೂ ಉಪಯೋಗ ಆಗಿರಲ್ಲ."

ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು. "ನನ್ನ ಮೈ ಎರಡೇ ಸೂಜೀಲಿ ಕಲಿತ್ಬಿಡ್ತು ಕಣೇ. ಈ ದರಿದ್ರದವು ಆರು ವರ್ಷ ಆದ್ರೂ ಕಲೀಲಿಲ್ವಲ್ಲ."

ತರಿಸಿಟ್ಟ ಲಸಿಕೆ ಮುಗಿಸಿಬಿಡಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಮರುದಿನ ರಾಗ್ನಿ ಎಂದಿನ ಜಾಗದಲ್ಲೇ ಕೂತಳು, ಬೆರಳಿಗೆ ಹಾಕುವ ಉಕ್ಕಿನ ಕವಚವಿಲ್ಲದೆ.

"ಹಾಕ್ಕೊಳೇ," ಅಂದೆ.

"ಯಾಕೆ?" ಅಂದಳು.

ನಾನು ಇನ್ನೊಂದು ಬುಟ್ಟಿ ಮರಿ ಸುರಿದೆ. ಊಟದ ಹೊತ್ತಿಗೆ ಮೊದಲೇ ಸೂಜಿ ಅವಳ ಹೆಬ್ಬೆರಳಿಗೆ ಹೊಕ್ಕಿತು. ಆಂಬುಲೆನ್ಸ್ ದೋಣಿ ಬರಲು ನಲವತ್ತು ನಿಮಿಷ. ಅಷ್ಟರಲ್ಲಿ ಒದ್ದೆ ನೆಲದ ಮೇಲೆ, ನನ್ನ ಮಡಿಲಲ್ಲಿ ತಲೆಯಿಟ್ಟು ಅವಳು ಹೋಗಿಬಿಟ್ಟಿದ್ದಳು.

"ಮೊದಲೂ ಹೀಗಾಗಿತ್ತಾ ಅವಳಿಗೆ?" ಎಂದು ಮೇಲ್ವಿಚಾರಕ ಓಡ್ವಾರ್ ಕೇಳಿದ. ಗೊತ್ತಿಲ್ಲ ಅಂದೆ.

ಚೀಟಿಯ ಮಾತು ಎತ್ತಿದ್ದರೆ ಅವಳನ್ನು ಎಬ್ಬಿಸುತ್ತಿದ್ದರು, ಮೇಜು ನಿಲ್ಲುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತು. ಅವಳ ಬಾಯಿಗೆ ಹೆದರಿ ಸುಮ್ಮನಿದ್ದೆ ಎಂದು ಈಗ ಅವಳ ತಂಗಿಗೆ ಹೇಳಿದ್ದೇನೆ. ಅದು ಸುಳ್ಳು.